ದೋಣಿ ಕೊಟ್ಟೇನು, ಹಗ್ಗ ಕೊಡೂದಿಲ್ಲ

ಕುಡೀಲಾಕ ನೀರಿಲ್ಲದ ವರ್ಷ ಯಾರರೆ ದೋಣಿ ಕೊಳ್ತಾರೇನ್ರಿ? ಕೌಸಲ್ಯಾಬಾಯಿ ಕೊಂಡಳು.

ಮಸ್ಕತ್ತಿನ ದವಾಖಾನ್ಯಾಗ ಇಪ್ಪತ್ತೆರಡು ವರ್ಷ ನರ್ಸ್ ಆಗಿ ದುಡಿದು, ಎರಡು ಸಾವಿರದ ಹದಿನೈದರಾಗ ರಿಟೈರ್ ಆಗಿ ಔರಾದ ತಾಲೂಕಿನ ತನ್ನೂರು ಠಾಣಾ ಕುಶನೂರಿಗಿ ಬಂದಾಗ ಊರ ಮಂದಿ, "ಬೀದರದಾಗ ಚಿದ್ರಿ ಕಡಿ ಒಂದು ಮನಿ ತಗೊಂಡು ತೆಪ್ಪಗ ಕೂಡು" ಅಂದರು. ಈಕಿ ಕೇಳಬೇಕಲ್ಲ! "ಮೊದಲ ಹಾಯಿದೋಣಿ. ಆರು ತಿಂಗಳು ಸಮುದ್ರ ತಿರುಗಿ, ದೋಣಿ ಮಾರಿ, ಆಮ್ಯಾಲ ಮನಿ" ಅಂದಳು. ಮಸ್ಕತ್ತಿನಾಗ ಜೋಡಿ ನರ್ಸ್ ವಹೀದಾನ ಕೂಡ ಪ್ರತಿ ಶುಕ್ರವಾರ ಹಾಯಿ ಏರಿಸೂದು ಇಳಿಸೂದು ಕಲಿತಿದ್ದಳು. ಆ ಹುಚ್ಚು ಎದ್ಯಾಗ ಬೇರು ಬಿಟ್ಟಿತ್ತು.

"ಅಕ್ಕಾ, ಅದು ತಿರುಗಿ ಮಾರಿ ಹೋಗಲಿಲ್ಲಂದ್ರ?" ಅಂದ ತಮ್ಮ ನರಸಿಂಗ.

"ನಿನ್ನ ಮನಿ ಪಡಸಾಲಿ ಅದ ಅಲ್ಲ, ಅಲ್ಲೇ ಇರ್ತೀನಿ."

ಒಳಗ ಅವನ ಹೆಂಡತಿ ಭಾಂಡಿ ಕುಕ್ಕಿದ ಸಪ್ಪಳಾತು. ಕೌಸಲ್ಯಾಬಾಯಿಗಿ ತಿಳೀತು. ದೋಣಿ ಮಾರಿ ಹೋಗಲಿಲ್ಲಂದ್ರ ಮುದುಕ್ಯಾಗೂ ತನಕ ಆ ಪಡಸಾಲ್ಯಾಗ, ಆ ಸಪ್ಪಳ ಕೇಳ್ಕೋತ, ತಲಿ ಬಗ್ಗಿಸಿ ಉಣ್ಣಬೇಕು.

ಇನ್ನ ಬಾವಿ ಮಾಲೀಕ ಹಣಮಂತಪ್ಪ ಪಾಟೀಲ ಸುಮ್ಮನಿರ್ತಾನೇನು? "ನಿಮ್ಮವ್ವ ನಮ್ಮ ಬಾವಿ ಕಟ್ಟಿ ಹತ್ತಲಿಲ್ಲ, ನೀ ಸಮುದ್ರ ಹತ್ತಲಾಕ ಹೊಂಟಿ!" ಅಂತ ನಾಕು ಮಂದ್ಯಾಗ ನಕ್ಕ. ಖರೇನೇ ಅದು. ಎಪ್ಪತ್ತೆರಡರ ಬರದಾಗ ಅವ್ವ ಜಿಜಾಬಾಯಿ ಖಾಲಿ ಕೊಡ ಹಿಡಿದು ಕಟ್ಟಿ ಕೆಳಗ ನಿಂದರತಿದ್ದಳು. ಮ್ಯಾಲಿನವರು ಯಾರರೆ ಮನಸ್ಸು ಬಂದ್ರ ನೀರು ಹೊಯ್ಯೂರು, ಇಲ್ಲಂದ್ರ ಇಲ್ಲ. ಬಾಜೂಕ ಹದಿನೈದು ವರ್ಷದ ಕೌಸಲ್ಯಾ. ಪಾಟೀಲನ ಮಾತು ಮೆಣಸಿನಕಾಯಿ ಹಚ್ಚಿದಂಗ ಉರೀತು. ಆಕಿ ಹೋಗಿ ಟಿಕೀಟ ತೆಗೆಸಿದಳು.

ಭಾಲ್ಕಿ ಸ್ಟೇಷನ್ನಿನ್ಯಾಗ ಹೈದರಾಬಾದಿಗಿ ದುಡೀಲಾಕ ಹೊಂಟ ಮಂದಿ ಗಂಟು-ಮೂಟಿ ಮ್ಯಾಲ ಕೂತಿದ್ದರು. "ನೀವು ಯಾವ ಕೆಲಸಕ್ಕ ಹೊಂಟೀರಿ ಬಾಯಿ?" ಅಂತ ಒಬ್ಬಾಕಿ ಕೇಳಿದಳು. "ದೋಣಿ ಕೊಳ್ಳಲಾಕವ್ವ" ಅಂದಳು. ಆಕಿ ಕೂಸಿನ ಬಾಯಿಗಿ ರೊಟ್ಟಿ ಇಡೂದು ಬಿಟ್ಟು ಈಕಿನ್ನೇ ನೋಡಿದಳು.

ಮಲೇಷಿಯಾದ ಲಂಕಾವಿ ಬಂದರದಾಗ ಹಳೇ ಹಾಯಿದೋಣಿ ಸೋವಿ ಸಿಗ್ತಾವಂತ ಅಲ್ಲಿಗಿ ಹೋದಳು. ಕೌಸಲ್ಯಾಬಾಯಿ ಎತ್ತಿನ ಹಲ್ಲು, ಸುಳಿ ನೋಡಿದಂಗ ದೋಣಿ ಮೈ ಎಲ್ಲಾ ತಟ್ಟಿ, ಕಿವಿ ಇಟ್ಟು ಕೇಳಿ, ಮೂಸಿ ನೋಡಿದಳು. "ಬಾಯಿ, ಅದು ಸಗಣಿ ಹಾಕೂದಿಲ್ಲ" ಅಂತ, ಮಸ್ಕತ್ತಿನಿಂದ ಬಂದು ಕೂಡಿದ್ದ ವಹೀದಾ ಹೊಟ್ಟಿ ಹಿಡಕೊಂಡು ನಕ್ಕಳು. ನಗಲಿ ಬಿಡ್ರಿ. ಅಪ್ಪ ಪಂಢರಿ ಭಾಲ್ಕಿ ದನದ ಬಜಾರಕ್ಕ ಬ್ಯಾರೆ ಮಂದಿಯ ಎತ್ತು ಹೊಡಕೊಂಡು ಹೋಗೂ ಕೆಲಸದವ. "ಎತ್ತು ಕೊಡು, ಹಗ್ಗ ಕೊಡಬ್ಯಾಡ. ಹಗ್ಗದ ಕೂಡ ಮನಿ ಏಳಿಗಿ, ಬರಕತ್ ಹೋಗ್ತದ. ಕೊಂಡವ ತನ್ನ ಹಗ್ಗ ತರಬೇಕು" ಅನ್ನಾಂವ. ಹಂಗಂತ ಲಂಗರಿನ ಹಳೇ ಹಗ್ಗ ಮಾಲೀಕನಿಗೇ ಬಿಟ್ಟು, ಈಕಿ ಅಂಗಡ್ಯಾಗಿನ ನಲವತ್ತು ಮಾರು ಹೊಸ ಹಗ್ಗ ಕಟ್ಟಿದಳು.

ಅಲ್ಲಿಂದ ಥಾಯ್ಲೆಂಡಿನ ದ್ವೀಪ ಒಂದೊಂದೇ ಮುಟ್ಟಿಕೋತ ಹೋದರು. ಒಮ್ಮಿ ಒಂದು ದ್ವೀಪದ ಬಾಜೂಕ ಲಂಗರು ಹಾಕಿದಾಗ ಎರಡು ದಿನ ಬಿರುಗಾಳಿ ಬಿಡಲಿಲ್ಲ. ವಹೀದಾ ವಾಂತಿ ಮಾಡಿ ಮಾಡಿ ಅಲ್ಲಾನ ಹೆಸರು ಹೇಳಿಕೋತ ಬಿದ್ದಳು. ಕೌಸಲ್ಯಾಬಾಯಿ ತೆರಿಗೋಳಿಗಿ, "ಬಾರೋ ಭಾಡ್ಯಾ, ನಾ ಬರಗಾಲ ನೋಡಿದಾಕಿ!" ಅಂತ ಬೈದಳು. ಆ ಎರಡೂ ದಿನ ದೋಣಿನ್ನ ಹಿಡಿದು ನಿಂತದ್ದು ಅದೇ ಹಗ್ಗ.

ಏಪ್ರಿಲ್‌ದಾಗ ಮತ್ತ ಲಂಕಾವಿಗಿ ಬಂದು ಮಾರಲಾಕ ಇಟ್ಟರು. ವೀಸಾ ಮುಗೀಲಾಕ ಮೂರು ದಿನ ಉಳಿದಾಗ ಒಬ್ಬ ಡಚ್ ಗಿರಾಕಿ ಬಂದ. ಕೇಳಿದ ಬೆಲಿಗೇ ಒಪ್ಪಿದ. ಸಹಿ ಮಾಡೂ ಹೊತ್ತಿಗಿ ಕೌಸಲ್ಯಾಬಾಯಿ ಲಂಗರಿನ ಹಗ್ಗ ಬಿಚ್ಚಿ ಸುತ್ತಲಾಕ ಹತ್ತಿದಳು.

"ಸಾಮಾನಿನ ಯಾದ್ಯಾಗ ಹಗ್ಗಾನೂ ಅದ" ಅಂದ ಅವ. ಯಾದಿ ಬರೆದಾಕಿ ವಹೀದಾ ನಾಲಿಗಿ ಕಚ್ಚಿಕೊಂಡಳು.

ಕೌಸಲ್ಯಾಬಾಯಿ ಪೆನ್ನು ತಗೊಂಡು ಆ ಸಾಲಿಗಿ ಅಡ್ಡಗೀಟು ಹೊಡೆದಳು. "ದೋಣಿ ಕೊಟ್ಟೇನು, ಹಗ್ಗ ಕೊಡೂದಿಲ್ಲ. ನೀ ನಿನ್ನ ಹಗ್ಗ ತಾ" ಅಂತ ಅವನಿಗಿ ತಿಳಿಯೂ ಹಂಗ ಇಂಗ್ಲೀಷಿನ್ಯಾಗೇ ಹೇಳಿದಳು.

ಇವತ್ತು ಹಗ್ಗ, ನಾಳಿ ಇನ್ನೇನು ಬಿಚ್ಕೋತಾಳೋ ಅಂತ ಅವನಿಗಿ ಸಂಶಯ. ಕಾಗದ ಒಗೆದು ಹೋಗೇಬಿಟ್ಟ.

"ಒಂದು ಹಗ್ಗಕ್ಕ ಮನಿ ಕಳಕೊಂಡ್ಯಲ್ಲ ಬಾಯಿ! ದೀವಾನಿ ಇದ್ದೀಯೇನು?" ಅಂತ ವಹೀದಾ ಅಳಲಾಕ ಶುರು ಮಾಡಿದಳು.

ಕೌಸಲ್ಯಾಬಾಯಿಗಿ ಅಂಜಿಕಿ ಆಗಲಿಲ್ಲ ಅಂದ್ರ ಸುಳ್ಳು. ನರಸಿಂಗನ ಪಡಸಾಲಿ ಕಣ್ಮುಂದ ಬಂದು ನಿಂತಿತ್ತು. ಆದರೂ ಅಂದಳು, "ಕೊಡು ಅಂದದ್ದೆಲ್ಲಾ ಕೊಟ್ಟು ಕೊಟ್ಟು ನಮ್ಮ ಮಂದಿ ಸವದು ಹೋಗ್ಯಾರ ವಹೀದಾ. ಇದು ಅಪ್ಪ ಕೊಡಬ್ಯಾಡ ಅಂದದ್ದು. ನಾ ಕೊಡೂದಿಲ್ಲ."

ಮರುದಿನ ಮುಂಜಾನಿ ಡಚ್ಚ ತಿರುಗಿ ಬಂದ. ಬಂದರ ಎಲ್ಲಾ ಹುಡುಕಿದ್ರೂ ಇಷ್ಟು ಜ್ವಾಕಿ ಮಾಡಿದ ದೋಣಿ ಅವನಿಗಿ ಸಿಕ್ಕಿರಲಿಲ್ಲ. ಹೆಗಲ ಮ್ಯಾಲ ಹೊಸ ಹಗ್ಗದ ಸುರುಳಿ, ಮಾರಿ ಗಂಟಿಕ್ಕಿತ್ತು. "ನಿಮ್ಮಂಥ ಹಟಮಾರಿನ್ನ ನಾ ಎಲ್ಲೂ ನೋಡಿಲ್ಲ" ಅಂದ.

"ನೀವು ಔರಾದ ತಾಲೂಕು ನೋಡಿಲ್ರಿ" ಅಂದಳು.

ಬೀದರಕ್ಕ ಬಂದು ಚಿದ್ರ್ಯಾಗ ಮನಿ ಗಟ್ಟಿ ಮಾಡಿ, ಹಗ್ಗ ಚೀಲದಾಗ ಹಾಕ್ಕೊಂಡು ಕುಶನೂರಿಗಿ ಹೋದಳು. ಟ್ಯಾಂಕರ್ ಬಂದು ಎಂಟು ದಿನಾಗಿತ್ತು. ಪಾಟೀಲನ ಬಾವಿ ನೀರು ಪಾತಾಳ ಕಂಡಿತ್ತು. ಊರಿನ ಯಾವ ಹಗ್ಗಾನೂ ಮುಟ್ಟಲೊಲ್ದು. ಎರಡು ಹಗ್ಗ ಕೂಡಿಸಿ ಕಟ್ಟಿದ್ರ ಗಂಟು ರಾಟಿ ಗಡಗಡ್ಯಾಗ ಸಿಕ್ಕು ಕೊಡ ಅಲ್ಲೇ ಜೋತಾಡತಿತ್ತು.

ಕೌಸಲ್ಯಾಬಾಯಿ ಚಪ್ಪಲಿ ಮೆಟ್ಟಿಕೊಂಡೇ ಕಟ್ಟಿ ಹತ್ತಿದಳು. ಸಮುದ್ರದ ಹಗ್ಗಕ್ಕ ಕೊಡ ಬಿಗಿದು ಬಿಟ್ಟಳು. ಹಗ್ಗ ಇಳೀತು, ಇಳೀತು, ಇನ್ನೂ ಇಳೀತು. ತಳದಾಗ ದುಡುಮ್ ಅಂತು. ಹೆಣ್ಮಕ್ಕಳು ಹೋ ಅಂತ ಒದರಿ ಕೊಡ ತಗೊಂಡು ಮ್ಯಾಲ ಬಂದರು. ಒಬ್ಬೊಬ್ಬರೇ ಸೇದಿಕೊಂಡರು.

ಕಡೀಕ ಹಣಮಂತಪ್ಪ ಬಂದ. ಖಾಲಿ ಕೊಡ ಹಿಡಿದು ಕಟ್ಟಿ ಕೆಳಗ ನಿಂತ, ಅವ್ವ ನಿಂದರತಿದ್ದ ಜಾಗಾದಾಗೇ. "ನನಗೂ ಒಂದು ಕೊಡ ಹೊಯ್ಯವ್ವ, ಕೌಸಲ್ಯಾಬಾಯಿ" ಅಂದ. ಆಕಿಗಿ ಅವನ ಬಾಯಾಗ 'ಅವ್ವ' ಅಂತ ಬಂದದ್ದು ಅದೇ ಮೊದಲ ಸಲ.

ಆಕಿ ಹಗ್ಗ ಕೈಯಾಗ ಹಿಡಕೊಂಡು ಅವನ್ನ ನೋಡಿದಳು. ನಲವತ್ನಾಕು ವರ್ಷದ ಸಿಟ್ಟು ಮಾತಾಗಿ ಬಂತು.

"ಕೆಳಗ ನಿಂತವರಿಗಿ ಮ್ಯಾಲಿಂದ ಹೊಯ್ಯೂದು ನಮ್ಮ ಮನ್ಯಾಗ ಯಾರೂ ಕಲಿತಿಲ್ರಿ ಪಾಟೀಲ್ರೇ. ಮ್ಯಾಲ ಬರ್ರಿ. ನಮ್ಮ ಹಗ್ಗ ಹಿಡೀರಿ, ಸೇದಿಕೊಳ್ರಿ."

ಪಾಟೀಲ ಆಚಿ ಈಚಿ ನೋಡಿದ. ಆಮ್ಯಾಲ ಮೊಣಕಾಲು ಹಿಡಕೊಂಡು ಒಂದೊಂದೇ ಮೆಟ್ಟಲು ಹತ್ತಿ ಬಂದು, ಆಕಿ ಕೈಯಾಗಿನ ಹಗ್ಗ ತಗೊಂಡ.