ನಮ್ಮವರು, ಬಂದವರು

ನಾನು ಒಂದು ಅಂಕದ ಹಲಗೆ. ಮಂಡ್ಯದ ಬ್ಯಾಸ್ಕೆಟ್‌ಬಾಲ್ ಅಂಗಳದ ಪಕ್ಕ, ಹೊಂಗೆ ಮರದ ನೆರಳಿನಲ್ಲಿ ಹುಟ್ಟಿದವನು. ಅದಕ್ಕೂ ಮೊದಲು ಒಂದು ಶಾಲೆಯ ಬಾಗಿಲಾಗಿದ್ದೆ. ಬಡಗಿ ಸಿದ್ದಾಚಾರ್ ನನ್ನನ್ನು ಉಜ್ಜಿ, ಕಪ್ಪು ಬಣ್ಣ ಬಳಿದು, ಎಡಕ್ಕೆ ‘ನಮ್ಮವರು’, ಬಲಕ್ಕೆ ‘ಬಂದವರು’ ಎಂದು ಬರೆದರು. ಎರಡರ ಕೆಳಗೂ ಮೊಳೆ ಹೊಡೆದರು. ನೋವಾಗಲಿಲ್ಲ ಎಂದರೆ ಸುಳ್ಳಾದೀತು.

ಬಸ್ಸಿನ ಮಾಲೀಕರಾದ ಶಿವನಂಜಪ್ಪನವರು ಆಗಷ್ಟೇ ಒಂದು ತಂಡ ಕಟ್ಟಿದ್ದರು. ಆಟಗಾರರಿಗೆ ಸಂಬಳ ಕೊಟ್ಟು ಆಡಿಸುವ ಲೀಗ್ ಶುರುವಾಗಿತ್ತು. ತಂಡದ ಹೆಸರು ಮಂಡ್ಯ ಗರುಡ, ಅಂಗಿ ಹಸಿರು, ನಾಯಕ ಕೆಂಪರಾಜು.

ನನ್ನನ್ನು ನೋಡಿಕೊಂಡವಳು ಚೆಲುವಮ್ಮ. ಬೆಳಿಗ್ಗೆ ಅಂಗಳ ಗುಡಿಸುವಳು, ಸಂಜೆ ತಗಡಿನ ಅಂಕಿಗಳನ್ನು ನನಗೆ ತಗುಲಿಸುವಳು. ಪ್ರತಿ ಅಂಕಿಯನ್ನೂ ಸೆರಗಿನಿಂದ ಒರೆಸಿಯೇ ಹಾಕುವಳು, ಮಗುವಿನ ಮುಖ ಒರೆಸಿದ ಹಾಗೆ. ನನ್ನ ಕಡೆ ಮುಖ ಮಾಡಿ ನಿಲ್ಲುವುದರಿಂದ ಅವಳಿಗೆ ಆಟ ಕಾಣುತ್ತಿರಲಿಲ್ಲ. ಕಿವಿಯೇ ಕಣ್ಣು. ಜನ “ಕೆಂಪರಾಜೂ” ಎಂದು ಕೂಗಿದರೆ ಕೈ ಎಡಕ್ಕೆ ಹೋಗುತ್ತಿತ್ತು, ಸುಮ್ಮನಾದರೆ ಬಲಕ್ಕೆ. ಆರು ವರ್ಷ ಒಮ್ಮೆಯೂ ತಪ್ಪಲಿಲ್ಲ.

ಶಿವನಂಜಪ್ಪನವರು ತೀರಿಕೊಂಡರು. ಮಕ್ಕಳಿಗೆ ಆಟದಲ್ಲಿ ಆಸಕ್ತಿ ಇರಲಿಲ್ಲ. ಪುಣೆಯ ಕಂಪನಿಯೊಂದು ತಂಡವನ್ನು ಕೊಂಡುಕೊಂಡಿತು; ಹೆಸರು, ಹಸಿರು ಅಂಗಿ, ಕೆಂಪರಾಜು, ಎಲ್ಲವೂ ಅಲ್ಲಿಗೆ ಹೋದವು. ನಾನು ಮಾತ್ರ ಉಳಿದೆ. ಚೆಲುವಮ್ಮ ಅಂಕಿಗಳನ್ನು ತೊಳೆದು, ಹಳೆಯ ಸೀರೆಯಲ್ಲಿ ಗಂಟು ಕಟ್ಟಿಟ್ಟಳು. ಎರಡು ವರ್ಷ ನನ್ನ ಮೊಳೆಗಳ ಮೇಲೆ ಜೇಡ ಬಲೆ ನೇಯ್ದಿತು.

ಆಮೇಲೆ ಊರಿನ ಕೆಲವು ಹುಡುಗರು ತಾವೇ ಒಂದು ತಂಡ ಮಾಡಿಕೊಂಡರು. ಅವರ ನಾಯಕ ಮಹದೇವು. ಚೆಲುವಮ್ಮ ಗಂಟು ಬಿಚ್ಚಿದಳು. ಹುಡುಗರು ಚೆನ್ನಾಗಿಯೇ ಆಡುತ್ತಿದ್ದರು. ಆದರೆ ನೋಡಲು ಬಂದವರು ಗರುಡದವರ ಆಟವನ್ನೇ ನೆನೆದು ಎದ್ದು ಹೋಗುತ್ತಿದ್ದರು. ಊರು ತನ್ನನ್ನೂ ಒಮ್ಮೆ ನಮ್ಮವನು ಅನ್ನಬೇಕು ಎಂಬುದೊಂದೇ ಮಹದೇವುವಿನ ಆಸೆ.

ಒಂದು ಭಾನುವಾರ ಪುಣೆ ಗರುಡ ನಮ್ಮ ಹುಡುಗರ ಜೊತೆ ಆಡಲು ಬಂತು. ಮರದ ಕೊಂಬೆಗಳ ಮೇಲೂ ಜನ. ಆಟ ಶುರುವಾದ ಕೂಡಲೇ ಕೆಂಪರಾಜು ಚೆಂಡನ್ನು ಬುಟ್ಟಿಗೆ ಹಾಕಿದ. ಜನ ಹಳೆಯ ಹಾಗೆಯೇ ಅವನ ಹೆಸರು ಕೂಗಿದರು. ಚೆಲುವಮ್ಮನ ಕೈ ಹಳೆಯ ಹಾಗೆಯೇ ಎಡಕ್ಕೆ ಹೋಯಿತು. ‘ನಮ್ಮವರು’ ಎಂಬುದರ ಕೆಳಗೆ ಎರಡರ ಅಂಕಿ ತೂಗಿತು.

ಜನ ನಕ್ಕರು. ಮಹದೇವು ಚೆಂಡು ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತ.

“ಹಂಗಾದ್ರೆ ನಾವ್ ಯಾರಕ್ಕ?”

ಚೆಲುವಮ್ಮ ಅಂಕಿ ತೆಗೆದು, ಒರೆಸಿ, ಬಲಕ್ಕೆ ಹಾಕಿದಳು. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ನನಗೆ ಬೆನ್ನು ಮಾಡಿ ಅಂಗಳದ ಕಡೆ ತಿರುಗಿ ನಿಂತಳು. ಕಣ್ಣಾರೆ ನೋಡಿಯೇ ಒಂದೊಂದು ಅಂಕಿ ಹಾಕಿದಳು. ನಮ್ಮ ಹುಡುಗರು ಹದಿಮೂರು ಅಂಕಗಳಿಂದ ಸೋತರು.

ಆಟ ಮುಗಿದ ಮೇಲೆ ಕೆಂಪರಾಜು ಬಂದು ಅವಳ ಕಾಲು ಮುಟ್ಟಿದ. ತನ್ನನ್ನು ಆಚೆ ಹಾಕಿಬಿಟ್ಟಳೆಂದು ನಗುತ್ತಲೇ ದೂರಿದ. ಕಣ್ಣಲ್ಲಿ ನಗು ಇರಲಿಲ್ಲ.

“ಆಡೋವಾಗ ನೀನು ಬಂದವನು ಕನಪ್ಪ,” ಅಂದಳು. “ಉಣ್ಣೋವಾಗ ನಮ್ಮವನು. ಸಾರು ಮಾಡಿಟ್ಟಿವ್ನಿ, ಮುದ್ದೆ ತೊಳಸ್ತೀನಿ, ನಡಿ.”

ಮಹದೇವು ದೂರದಲ್ಲಿ ಶೂ ಬಿಚ್ಚುತ್ತಾ ಕುಳಿತಿದ್ದ. ಅವಳು ತಿರುಗಿ ನೋಡಿದಳು.

“ಏನ್ಲಾ, ನಿನ್ನೂ ಕರೀಬೇಕಾ?”

ಅವನು ಶೂಗಳನ್ನು ಕೈಯಲ್ಲೇ ಹಿಡಿದು ಅವರಿಬ್ಬರಿಗಿಂತ ಮುಂದೆ ನಡೆದ.

ಈಗ ಅಂಗಳದಲ್ಲಿ ದೀಪದ ಅಂಕಿಗಳ ಹಲಗೆ ಬಂದಿದೆ. ಮಹದೇವು ಅಲ್ಲೇ ಮಕ್ಕಳಿಗೆ ಆಟ ಕಲಿಸುತ್ತಾನೆ. ಚೆಲುವಮ್ಮನಿಗೆ ವಯಸ್ಸಾಗಿದೆ, ಬಂದಾಗ ಸಾಮಾನಿನ ಕೋಣೆಗೆ ಇಣುಕಿ, ಗೋಡೆಗೆ ಒರಗಿರುವ ನನ್ನ ದೂಳನ್ನು ಸೆರಗಿನಿಂದ ಒರೆಸುತ್ತಾಳೆ. ಗರುಡ ತಂಡ ಪುಣೆಯನ್ನೂ ಬಿಟ್ಟು ಮತ್ತೊಂದು ಊರಿಗೆ ಹೋಯಿತಂತೆ. ಅಲ್ಲಿ ಅವರನ್ನು ಯಾವ ಕಡೆ ಬರೆಯುತ್ತಾರೆಂಬುದು ನನಗೆ ಮುಖ್ಯವಲ್ಲ. ಆಟ ಮುಗಿದ ಮೇಲೆ ಊಟಕ್ಕೆ ಕರೆಯುವವರು ಇದ್ದಾರೋ ಇಲ್ಲವೋ ಎಂದು ಮಾತ್ರ ಆಗಾಗ ಯೋಚಿಸುತ್ತೇನೆ.