ಊದಬಾರದ ಚಹಾ

ಅವಳ ಅಪ್ಪನಿಗೆ ಕಾರ್ಖಾನೆಯಲ್ಲಿ ಬೆಂಕಿಬಾಯಿ ಎಂದೇ ಹೆಸರು. ಎರಕದ ಮನೆಯ ಮೇಸ್ತ್ರಿ. ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವುದು ಅವನ ಕೆಲಸ. ಒಂದು ಸಲ ಹೊಯ್ದು ಇನ್ನೊಂದು ಸಲ ಹೊಯ್ಯುವ ನಡುವೆ ಸಿಗುವ ಚೂರು ಬಿಡುವಿನಲ್ಲೇ ಚಹಾ ಮುಗಿಯಬೇಕು. ಆರಿಸಿಕೊಂಡು ಕೂತರೆ ಕಬ್ಬಿಣ ಗಟ್ಟಿಯಾಗುತ್ತದೆ. ಹಾಗಾಗಿ ಅಲ್ಲೊಂದು ಕಟ್ಟಳೆ ಹುಟ್ಟಿಕೊಂಡಿತ್ತು. ಚಹಾವನ್ನು ಊದಿ ಕುಡಿದವನು ಆ ದಿನ ಇಡೀ ಎರಕದ ಮನೆಯ ಕಸ ಗುಡಿಸಬೇಕು. ಅಪ್ಪ ಜನ್ಮದಲ್ಲಿ ಪೊರಕೆ ಹಿಡಿದವನಲ್ಲ. ಹೊಗೆಯಾಡುವ ಲೋಟವನ್ನು ಗಟಗಟನೆ ಇಳಿಸಿ, ಬೋರಲು ಹಾಕಿ ಎದ್ದುಬಿಡುತ್ತಿದ್ದ.

ಆ ಕಟ್ಟಳೆ ಮನೆಗೂ ಬಂತು. ಗಂಡಸರ ಹುಚ್ಚಾಟಗಳೆಲ್ಲ ಕೊನೆಗೆ ಅಡುಗೆಮನೆಗೇ ತಾನೆ ಬಂದು ಸೇರುವುದು! ಚಹಾ ಕೊಂಚ ಆರಿದ್ದರೂ ಅಪ್ಪ ಲೋಟ ತಳ್ಳಿ, "ಇದೇನೇ, ಸ್ನಾನಕ್ಕೆ ಕೊಟ್ಯಾ?" ಎನ್ನುತ್ತಿದ್ದ. ಆ ಮಾತು ಕೇಳಬಾರದೆಂದು ಅಮ್ಮ ಒಲೆಯ ಮೇಲೆ ಕುದಿಯುವ ಪಾತ್ರೆಯಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಬಿಸಿ ನೋಡುವಳು. ಸಾಲದೆನಿಸಿದರೆ ಮತ್ತೆ ಕುದಿಸಿ ಮತ್ತೆ ನೋಡುವಳು. ಬೆಳಗ್ಗೆ ಫ್ಲಾಸ್ಕಿಗೆ ತುಂಬುವಾಗ, ಸಂಜೆ ಅಪ್ಪ ಬಂದಾಗ, ಊಟಕ್ಕೆ ಮುಂಚೆ ಸೂಪು ಬಡಿಸುವಾಗ. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಮಿಕ್ಕಿದ್ದನ್ನೂ ತಳ ಹಿಡಿದದ್ದನ್ನೂ ಕೆರೆದುಕೊಂಡು ಉಣ್ಣುವಳು. ಅದನ್ನು ಯಾರೂ ನೋಡುತ್ತಿರಲಿಲ್ಲ. ನೋಡುವಂಥದ್ದೇನಿದೆ ಅದರಲ್ಲಿ?

ಆ ಚಳಿಗಾಲ ಮೀಸೆಮಾಮ ತೀರಿಕೊಂಡ. ಅಪ್ಪನ ಜತೆಗೇ ಕೆಲಸಕ್ಕೆ ಸೇರಿದವನು, ಊದದೆ ಕುಡಿಯುವುದರಲ್ಲಿ ಅಪ್ಪನಿಗೆ ಸರಿಸಾಟಿ. ಅನ್ನನಾಳದ ಕ್ಯಾನ್ಸರ್. ಮೊದಲು ಬ್ರೆಡ್ಡು ಇಳಿಯಲಿಲ್ಲ, ಆಮೇಲೆ ಅನ್ನ, ಕೊನೆಕೊನೆಗೆ ನೀರೂ ಇಳಿಯಲಿಲ್ಲ. ಹೆಣದ ಪಕ್ಕದಲ್ಲೇ ಯಾರೋ "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ತಮ್ಮ ಜಾಣತನ ತೋರಿಸಿದರು. ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯ ಹಿಂದೆಯೇ ಭಯ ಬಂತು.

ಅಂದಿನಿಂದ ಅವಳ ಕಣ್ಣು ಅಪ್ಪನ ಗಂಟಲಿನ ಮೇಲೆಯೇ. ಊಟಕ್ಕೆ ಕೂತಾಗ ಅವನು ನುಂಗುವ ಸದ್ದಿಗೆ ಕಿವಿಗೊಡುವಳು. ಅವನು ಕೆಮ್ಮಿದರೆ ಅವಳ ಕೈಯ ತುತ್ತು ಅಲ್ಲೇ ನಿಲ್ಲುವುದು. ಬೀದಿಯ ತಿರುವಿನಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಮೈಯ ಅಳತೆ ಅವಳಿಗೆ ಕಣ್ಣಲ್ಲೇ ತಿಳಿಯುತ್ತದೆ. ಅಪ್ಪನ ಕಾಲರಿನೊಳಗೆ ಬೆರಳು ತೂರಿಸಿ, ಸಡಿಲವಾಗಿದೆಯೇ ಎಂದು ನೋಡುವಳು.

"ನನ್ನ ಕತ್ತು ಹಿಸುಕ್ತೀಯೇನೇ?" ಎಂದು ಅಪ್ಪ ರೇಗುತ್ತಿದ್ದ.

ಆ ದಿನಗಳಲ್ಲೇ ಅಮ್ಮ ತನ್ನ ನಿಲುವಂಗಿಯನ್ನು ಅಂಗಡಿಗೆ ತಂದಳು. "ಪಕ್ಕ ಸ್ವಲ್ಪ ಹಿಡಿದು ಕೊಡೆ ಪುಟ್ಟಿ, ದೊಗಳೆ ಆಗಿದೆ." ಒಮ್ಮೆ ಹಿಡಿದುಕೊಟ್ಟದ್ದಾಗಿತ್ತು, ಇದು ಎರಡನೆಯ ಸಲ. "ಏನಮ್ಮಾ, ದಿನದಿಂದ ದಿನಕ್ಕೆ ಹುಡುಗಿ ಆಗ್ತಿದೀಯಾ!" ಎಂದು ಮಗಳು ನಕ್ಕು, ಕತ್ತರಿಗಾಗಿ ಮೇಜೆಲ್ಲ ತಡಕಾಡಿದಳು. ಕತ್ತರಿ ಅವಳ ಕೊರಳಿನ ದಾರದಲ್ಲೇ ನೇತಾಡುತ್ತಿತ್ತು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದು ಅಮ್ಮನೂ ನಕ್ಕಳು. ಇಬ್ಬರೂ ಚೆನ್ನಾಗಿಯೇ ನಕ್ಕರು.

ಅಪ್ಪನನ್ನು ಆಸ್ಪತ್ರೆಗೆ ಎಳೆದೊಯ್ಯುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ಗಂಟಲಿನಲ್ಲಿ ಕೊಳವೆ ಇಳಿಸಿ ನೋಡಿದರು. ಫಲಿತಾಂಶ ಹೇಳುವ ದಿನ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು, "ಸದ್ಯಕ್ಕೆ ಏನೂ ಇಲ್ಲ. ಹಾಗಂತ ಬೀಗ್ಬೇಡಿ. ಕುದೀತಿರೋದನ್ನ ವರ್ಷಗಟ್ಟಲೆ ಕುಡೀತಾ ಇದ್ರೆ ಅನ್ನನಾಳ ದಿನಾ ಸುಡುತ್ತೆ, ದಿನಾ ಮಾಯುತ್ತೆ. ಯಾವತ್ತೋ ಒಂದಿನ ಸರಿಯಾಗಿ ಮಾಯಲ್ಲ. ಎಲ್ಲರಿಗೂ ಹಾಗೇ ಆಗುತ್ತೆ ಅಂತಲ್ಲ, ಆದ್ರೆ ಅಪಾಯ ಜಾಸ್ತಿ. ಆರಿಸ್ಕೊಂಡು ಕುಡೀರಿ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಮನೇಲಿ ಬೇರೆ ಯಾರಾದ್ರೂ ಇಷ್ಟು ಬಿಸಿ ಕುಡೀತಾರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಅಪ್ಪ ಒಬ್ರೇ" ಎಂದಳು ಅವಳು.

ಅವಳು ಸುಳ್ಳು ಹೇಳಲಿಲ್ಲ. ಅಮ್ಮ ಕುಡಿಯುತ್ತಾಳೆಂದು ಆ ಮನೆಯಲ್ಲಿ ಯಾರೂ ಯಾವತ್ತೂ ಎಣಿಸಿರಲಿಲ್ಲ.

ಅಂದು ಮನೆಯಲ್ಲಿ ಸಂಭ್ರಮ. ಅಪ್ಪ ಗೆದ್ದವನಂತೆ ಎದೆಯುಬ್ಬಿಸಿ, "ಇವತ್ತು ಎಲ್ಲರೂ ಒಟ್ಟಿಗೇ ಉಣ್ಣೋಣ, ನೀನೂ ಬಾರೇ" ಎಂದು ಅಮ್ಮನನ್ನು ಕರೆದ. ಅಮ್ಮ, "ನಂದು ಆಮೇಲೆ ಆಗುತ್ತೆ ಬಿಡಿ" ಎಂದು ಒಳಗೇ ಉಳಿದಳು. ಮಗಳು ರಟ್ಟೆ ಹಿಡಿದು ಎಳೆತಂದು ಕೂರಿಸಿದಳು. ಕೈಗೆ ಸಿಕ್ಕ ರಟ್ಟೆ ತೀರಾ ಸಣ್ಣಗಿತ್ತು.

ಅಮ್ಮ ಬ್ರೆಡ್ಡಿನ ಮೆದು ಭಾಗವನ್ನು ಮಾತ್ರ ಚಿವುಟಿ ನೀರಿಗೆ ಅದ್ದಿದಳು. ಹಿಂಡಿದಳು. ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಆಮೇಲೆ ಗದ್ದವೆತ್ತಿ, ಕಣ್ಣು ಮುಚ್ಚಿ, ನೀರು ಕುಡಿದು ಅದನ್ನು ಒಳಕ್ಕೆ ತಳ್ಳಿದಳು. ತುತ್ತು ಇಳಿಯುವವರೆಗೆ ಅವಳ ಎಡಗೈ ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

ಮಗಳ ಕಣ್ಣು ತಾನಾಗಿ ಅಮ್ಮನ ನಿಲುವಂಗಿಯ ಪಕ್ಕಕ್ಕೆ ಹೋಯಿತು. ತಾನೇ ನಗುನಗುತ್ತ ಎರಡು ಸಲ ಹಿಡಿದ ಹೊಲಿಗೆ. ಅಲ್ಲಿ ಬಟ್ಟೆ ಮತ್ತೆ ದೊಗಳೆಯಾಗಿ ಜೋತುಬಿದ್ದಿತ್ತು.

"ಅಮ್ಮಾ, ಯಾವಾಗಿಂದ ಹೀಗೆ?"

"ಏನಿಲ್ಲ ಕಣೆ, ಗಂಟಲು ಸ್ವಲ್ಪ ಒಣಗುತ್ತೆ."

"ಯಾವಾಗಿಂದ ಅಂತ ಕೇಳಿದ್ದು."

ಅಮ್ಮ ತಟ್ಟೆ ನೋಡುತ್ತ, "ನಿಮ್ಮಪ್ಪಂದು ಒಂದು ಮುಗೀಲಿ ಅಂತ ಸುಮ್ಮನಿದ್ದೆ" ಎಂದಳು.

ಊಟದ ಜತೆಗೇ ತಂದಿಟ್ಟಿದ್ದ ಅಪ್ಪನ ಚಹಾ ಲೋಟದಲ್ಲಿ ಹೊಗೆಯಾಡುತ್ತಿತ್ತು. ಅದರ ಬಿಸಿಯನ್ನೂ ಅಮ್ಮ ಆಗಲೇ ನೋಡಿ ತಂದಿದ್ದಳು. ಬೆಂಕಿಬಾಯಿ ಅದನ್ನೇ ದಿಟ್ಟಿಸಿದ. ನಿಧಾನವಾಗಿ ಲೋಟ ಎತ್ತಿಕೊಂಡು, ಹೆಂಡತಿಯ ಪಕ್ಕಕ್ಕೆ ಸರಿದು ಕೂತು, ಊದತೊಡಗಿದ. ಅದು ಪೂರ್ತಿ ಆರಿ ತಣ್ಣಗಾದ ಮೇಲೂ ಊದುತ್ತಲೇ ಇದ್ದ.