ನಿಬ್ಬು ನೋಡುವ ಹೆಸರು

ನಮ್ಮ ಯಜಮಾನರಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ನನಗೆ ನಗು ಬಂತು. ಹಾಲು ತನ್ನಿ ಎಂದು ಕಳಿಸಿದರೆ ಇಂಕ್ ಬಾಟಲಿ ಹಿಡಿದು ಬರುತ್ತಿದ್ದ ಮನುಷ್ಯನಿಗೆ ಹೊಸದಾಗಿ ಇನ್ನೇನು ಮರೆವು ಬರಬೇಕು ಸ್ವಾಮಿ? ಆಮೇಲೆ ಒಂದು ದಿನ ಗೋವಿಂದರಾಜನಗರದ ಇದೇ ಬಾಡಿಗೆ ಮನೆಯಲ್ಲಿ ನಿಂತುಕೊಂಡು, ಬಚ್ಚಲು ಯಾವ ಕಡೆ ಎಂದು ಕೇಳಿದರು. ಅವತ್ತು ನಗು ನಿಂತಿತು.

ಅವರ ಹೆಸರು ವೆಂಕಟರಮಣಪ್ಪ. ಗಂಡನ ಹೆಸರು ಹೇಳಿಬಿಟ್ಟೆ, ಈ ವಯಸ್ಸಿನಲ್ಲಿ ಇನ್ನು ಯಾರಿಗೆ ಹೆದರಬೇಕು? ರಾಜಾಜಿನಗರದ ಒಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿದ್ದು ರಿಟೈರಾದವರು. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಬೀಡಿ ಸಿಗರೇಟು ಇಲ್ಲ. ಇದ್ದದ್ದು ಪೆನ್ನಿನ ಹುಚ್ಚು. ಗಟ್ಟಿ ರಬ್ಬರಿನ ಕಪ್ಪು ಎಬೊನೈಟ್ ಪೆನ್ನು, ಹಿತ್ತಾಳೆ ಕ್ಯಾಪಿನ ಪೆನ್ನು, ಹೊಟ್ಟೆ ಉಬ್ಬಿದ ಪೆನ್ನು, ಒಳಗಿನ ಇಂಕೆಲ್ಲ ಹೊರಗೆ ಕಾಣುವ ಗಾಜಿನಂಥ ಪೆನ್ನು. ಸಾಲದ್ದಕ್ಕೆ ರೋಲರ್‌ಬಾಲ್ ಎಂದು ಬೇರೆ. ನಿಬ್ಬಿಲ್ಲ, ತುದಿಯಲ್ಲಿ ಗುಂಡು, ಆದರೂ ನೀರಿನಂಥ ಇಂಕು. “ಇದಕ್ಕೂ ಮಾಮೂಲಿ ಬಾಲ್‌ಪೆನ್ನಿಗೂ ಏನ್ರೀ ವ್ಯತ್ಯಾಸ?” ಎಂದು ಬಾಯಿತಪ್ಪಿ ಕೇಳಿ ನಾನು ಒಂದು ಇಡೀ ಭಾನುವಾರ ಹಾಳುಮಾಡಿಕೊಂಡಿದ್ದೇನೆ. ಇಂಕುಗಳಂತೂ ಕೇಳಲೇಬೇಡಿ. ನನ್ನ ಬೀರುವಿನಲ್ಲಿ ಇರುವ ಸೀರೆಗಳಿಗಿಂತ ಅವರ ಕಪಾಟಿನಲ್ಲಿ ನೀಲಿಗಳೇ ಜಾಸ್ತಿ.

ಇಷ್ಟೆಲ್ಲ ಇಟ್ಟುಕೊಂಡು ಏನು ಬರೆಯುತ್ತಿದ್ದರು? ಮಣ್ಣು. ಕಥೆಯಿಲ್ಲ, ಡೈರಿಯಿಲ್ಲ, ನಾನು ಬಾಣಂತನಕ್ಕೆ ತವರಿಗೆ ಹೋದಾಗ ಒಂದು ಕಾಗದ ಕೂಡ ಇಲ್ಲ. ಇಂಕು ತುಂಬುವುದು, ಬರೆದು ನೋಡುವುದು, ತೊಳೆದು ಒರೆಸಿ ಇಡುವುದು, ಇನ್ನೊಂದು ತೆಗೆಯುವುದು. ಪೆನ್ನು ಬರೆಯುತ್ತದೋ ಇಲ್ಲವೋ ಎಂದು ನೋಡಲು ಬೇರೆಯವರು ಶ್ರೀ ಎಂದು ಬರೆಯುತ್ತಾರೆ, ಇಲ್ಲವೆ ತಮ್ಮ ಸಹಿ ಗೀಚುತ್ತಾರೆ. ನಮ್ಮವರು ನನ್ನ ಹೆಸರು ಬರೆಯುತ್ತಿದ್ದರು. ಗಂಗಲಕ್ಷ್ಮಮ್ಮ. ನಿಧಾನವಾಗಿ, ಗುಂಡಗೆ, ಪುಟದ ತುಂಬ.

ಬಾಯಿಬಿಟ್ಟು ಒಂದು ಒಳ್ಳೆ ಮಾತು ಆಡಿದ ಗಂಡಸಲ್ಲ. ಹೊಸ ಸೀರೆ ಉಟ್ಟು ಎದುರಿಗೆ ನಿಂತರೆ “ಕಾಫಿ ಆಯ್ತೇನೇ?” ಎನ್ನುತ್ತಿದ್ದರು. ಆದರೆ ಹೊಸ ಪೆನ್ನು ಮನೆಗೆ ಬಂದರೆ ಮೊದಲ ಇಂಕು ನನ್ನ ಹೆಸರಿಗೇ. “ಹೆಂಡ್ತಿ ಹೆಸರು ಬರ್ಕೊಂಡು ಕೂತಿದೀರಲ್ಲ, ಹೆಂಡ್ತಿಗೆ ತೆಂಗಿನಕಾಯಿ ತುರ್ಕೊಡೋರು ಯಾರ್ರೀ?” ಎಂದು ಹೊರಗೆ ಬೈಯುತ್ತಿದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಪಕ್ಕದ ಮನೆಯವರ ಗಂಡಂದಿರು ಒಡವೆ ತಂದುಕೊಟ್ಟರು ಎಂದಾಗ, ಇವರು ಪೆನ್ನಿನಲ್ಲಿ ಹೇಳುತ್ತಾರೆ ಬಿಡು ಎಂದು ನನಗೆ ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಾಯಿಲೆಯಲ್ಲಿ ಮೊದಲು ಹೋದದ್ದು ದಾರಿ. ಮಾಗಡಿ ರೋಡಿಗೆ ತರಕಾರಿಗೆಂದು ಹೋದವರು ವಿಜಯನಗರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಆಮೇಲೆ ಹೆಸರುಗಳು ಹೋದವು. ಒಡಹುಟ್ಟಿದ ತಮ್ಮನ ಹೆಸರು, ಮನೆದೇವರ ಹೆಸರು. ಯುಗಾದಿಯ ದಿನ ನಮ್ಮ ಒಬ್ಬಳೇ ಮಗಳು ಸುಮಾ ಮಲ್ಲತ್ತಹಳ್ಳಿಯಿಂದ ಹೋಳಿಗೆ ಡಬ್ಬಿ ಹಿಡಿದು ಬಂದರೆ, “ಯಾರು ಬೇಕಾಗಿತ್ತು?” ಎಂದು ಬಾಗಿಲಲ್ಲೇ ನಿಲ್ಲಿಸಿದರು. ಅವಳು ಅಡುಗೆಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಅತ್ತಳು. ನನ್ನನ್ನು ಕರೆಯುವುದೂ ನಿಂತುಹೋಗಿತ್ತು. “ಲಕ್ಷ್ಮೀ” ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಿದ್ದವರು ಈಗ ನೀರು ಬೇಕಾದರೆ ಸುಮ್ಮನೆ ಲೋಟದ ಕಡೆ ಕೈ ತೋರಿಸುತ್ತಿದ್ದರು.

ಆದರೆ ಪೆನ್ನು ಕೈಗಿಟ್ಟರೆ ಬೇರೆಯೇ ಮನುಷ್ಯ. ಅಂಗಿಯ ಗುಂಡಿ ಹಾಕಲು ಬಾರದ ಬೆರಳುಗಳು ಕ್ಯಾಪನ್ನು ತಿರುಗಿಸಿ ತೆಗೆಯುತ್ತಿದ್ದವು. ನಿಬ್ಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕಾಗದವನ್ನು ಓರೆ ಮಾಡಿಕೊಂಡು ಬರೆಯುತ್ತಿದ್ದರು. ಗಂಗಲಕ್ಷ್ಮಮ್ಮ. ಒಂದು ಒತ್ತಕ್ಷರ ತಪ್ಪಿಲ್ಲ. ಹಾಗಾಗಿ ಇಂಕು ತುಂಬುವುದನ್ನು ನಾನೇ ಕಲಿತೆ. ಫಿಲ್ಲರಿನಲ್ಲಿ ಎಳೆದು ಬಿಡುವಷ್ಟರಲ್ಲಿ ಕೈಯೆಲ್ಲ ನೀಲಿ, ಆ ಕೈಯಲ್ಲಿ ಹೆಚ್ಚಿದ ಹುರುಳಿಕಾಯೂ ನೀಲಿ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಪೆನ್ನು, ಸಂಜೆ ಕಾಫಿಯಾದ ಮೇಲೆ ಇನ್ನೊಂದು. ಅವರು ಬರೆಯುವುದು, ನಾನು ಪಕ್ಕದಲ್ಲಿ ಕೂತು ನೋಡುವುದು.

ಸುಮಾಗೆ ನನ್ನ ಚಿಂತೆ. ಸ್ನಾನ ಮಾಡಿಸುವಾಗ ಅವರು ನನ್ನನ್ನು ತಳ್ಳಿ, ನನ್ನ ಮೊಣಕೈ ಹಂಡೆಗೆ ಬಡಿದು ಊದಿಕೊಂಡಿದ್ದನ್ನು ನೋಡಿದ ಮೇಲೆ ಅವಳು ಸುಮ್ಮನಿರಲಿಲ್ಲ.

“ಅಮ್ಮಾ, ಕೆಂಗೇರಿ ಹತ್ರ ಒಂದು ಹೋಮ್ ಇದೆ, ನಾನೇ ನೋಡ್ಕೊಂಡ್ ಬಂದಿದೀನಿ. ನೀಟಾಗಿದೆ, ನರ್ಸ್‌ಗಳಿದಾರೆ. ನೀನು ಬಿದ್ದು ಸೊಂಟ ಮುರ್ಕೊಂಡ್ರೆ ಇಬ್ಬರನ್ನೂ ನಾನ್ ಹೆಂಗಮ್ಮ ನೋಡ್ಕೊಳ್ಲಿ?”

“ನಿನ್ ತಲೆ. ಗಂಡನ್ನ ಅಲ್ಲಿ ಬಿಟ್ಟು ನಾನು ಇಲ್ಲಿ ಸೀರಿಯಲ್ ನೋಡ್ಕೊಂಡು ಕೂತಿರ್ಲಾ?”

“ಅಪ್ಪಂಗೆ ನಾವ್ ಯಾರು ಅಂತಾನೇ ಗೊತ್ತಾಗ್ತಿಲ್ವಲ್ಲಮ್ಮ. ಎಲ್ಲಿದ್ರೂ ಅವ್ರಿಗೆ ಒಂದೇ.”

“ನಿನ್ ಗುರುತು ಹೋಗಿರ್ಬೋದು ಕಣೇ. ನನ್ ಗುರುತಿದೆ.” ಅವತ್ತು ಬರೆದ ಕಾಗದ ತಂದು ಅವಳ ಮುಖಕ್ಕೆ ಹಿಡಿದೆ. “ಓದು. ಏನ್ ಬರ್ದಿದಾರೆ ಓದು. ನನ್ ಗುರುತೂ ಹೋದ ದಿನ ನಾನೇ ಕರ್ಕೊಂಡೋಗಿ ಬಿಟ್ಟು ಬರ್ತೀನಿ. ಅಲ್ಲೀತನಕ ಈ ಮಾತು ಎತ್ಬೇಡ.”

ಸುಮಾ ಕಾಗದವನ್ನು ನೋಡಿದಳು, ನನ್ನ ಮೊಣಕೈಯನ್ನು ನೋಡಿದಳು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಗೆದ್ದೆ ಎಂದುಕೊಂಡೆ.

ಅದಾದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಮಧ್ವೇಶ್ ಎಂಬುವನು ಬಂದ. ಬಸವೇಶ್ವರನಗರದವನು, ಎಲ್ಲೋ ಕಾಲೇಜಿನಲ್ಲಿ ಲೆಕ್ಚರರ್. ಅವನೂ ಪೆನ್ನಿನ ಹುಚ್ಚನೇ. ಇಂಥವರದೊಂದು ಗುಂಪಿದೆ, ರಾಜಾಜಿನಗರದ ಒಂದು ಹೋಟೆಲಿನ ಮಹಡಿಯ ಮೇಲೆ ಸೇರಿ, ಒಬ್ಬರ ಪೆನ್ನು ಇನ್ನೊಬ್ಬರು ಬರೆದು ನೋಡಿ, ಮಸಾಲೆ ದೋಸೆ ತಿಂದು ಬರುತ್ತಾರೆ. ನಮ್ಮವರು ಕಾಯಿಲೆ ಬೀಳುವವರೆಗೂ ತಪ್ಪಿಸುತ್ತಿರಲಿಲ್ಲ. “ಸಾರ್‌ನ ನೋಡ್ಕೊಂಡ್ ಹೋಗಣ ಅಂತ ಬಂದೆ ಆಂಟಿ. ಅವ್ರಿಗೋಸ್ಕರ ಒಂದು ಪೆನ್ ತಂದಿದೀನಿ, ನಿಬ್ ನಾನೇ ಉಜ್ಜಿ ಸರಿಮಾಡಿದ್ದು,” ಎಂದ. ಒಳ್ಳೆ ಹುಡುಗ ಎಂದುಕೊಂಡು ಕಾಫಿಗಿಟ್ಟೆ.

ಕಾಫಿ ತರುವಷ್ಟರಲ್ಲಿ ಇವರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಮಧ್ವೇಶ್ ಇಂಕು ಇಳಿಯಲಿ ಎಂದು ತಾನೇ ಕಾಗದದ ಮೇಲೆ ಏನೋ ಬರೆಯುತ್ತಿದ್ದ. ಲೋಟ ಇಡಲು ಬಗ್ಗಿದೆ. ಗಂಗಲಕ್ಷ್ಮಮ್ಮ ಎಂದಿತ್ತು. ಕೆಳಗೆ ಇನ್ನೊಂದು ಸಲ, ಗಂಗಲಕ್ಷ್ಮಮ್ಮ.

ಮೈಯೆಲ್ಲ ಉರಿದುಹೋಯಿತು. “ಏನಪ್ಪಾ ಇದು? ನನ್ ಹೆಸರು ನೀನ್ಯಾಕಯ್ಯ ಬರೀತಿದೀಯ?”

ಅವನು ಬೆಚ್ಚಿಬಿದ್ದು ಪೆನ್ನು ಎತ್ತಿದ. “ನಿಮ್ ಹೆಸರಾ ಆಂಟಿ? ಅಯ್ಯಯ್ಯೋ, ಸತ್ಯವಾಗ್ಲೂ ಗೊತ್ತಿಲ್ಲ. ನಾವೆಲ್ಲ ಯಾವ್ದೋ ಊರಮ್ಮನ ಹೆಸರು ಅಂದ್ಕೊಂಡಿದ್ವಿ.”

“ನಾವೆಲ್ಲ ಅಂದ್ರೆ?”

“ಗ್ರೂಪಲ್ಲಿ ಎಲ್ರೂ ಇದೇ ಬರ್ಯೋದು ಆಂಟಿ. ಸಾರೇ ಹೇಳ್ಕೊಟ್ಟಿದ್ದು. ನೋಡಿ, ಗ ದುಂಡಗೆ ತಿರುಗುತ್ತೆ, ಪಕ್ಕದಲ್ಲಿ ಸೊನ್ನೆ. ಕ್ಷ್ಮದಲ್ಲಿ ಒತ್ತಿನ ಕೆಳಗೆ ಇನ್ನೊಂದ್ ಒತ್ತು, ನಿಬ್ ಎಲ್ಲಾ ಕಡೆಗೂ ಓಡಾಡ್ಬೇಕು. ಸ್ವಲ್ಪ ಕೆರೆಯೋ ನಿಬ್ ಆದ್ರೂ ಅಲ್ಲಿ ಸಿಕ್ಕಿಬೀಳುತ್ತೆ. ಇಷ್ಟುದ್ದದ ಪದದಲ್ಲಿ ಪೆನ್ನಿನ ಜಾತಕಾನೇ ಗೊತ್ತಾಗುತ್ತೆ ಅಂತಿದ್ರು ಸಾರ್. ಗಂಗಲಕ್ಷ್ಮಮ್ಮ ಪಾಸಾ ಫೇಲಾ ಅಂತಾನೇ ನಾವು ಕೇಳೋದು.”

ಪಾಸಾ ಫೇಲಾ! ಮುಖ ಕಂಡಿಲ್ಲದ ಗಂಡಸರೆಲ್ಲ ಹೋಟೆಲಿನಲ್ಲಿ ಕೂತು ನನ್ನ ಹೆಸರು ಬರೆದು, ಚಟ್ನಿ ಕೈ ಒರೆಸಿಕೊಂಡು, ಆ ಕಾಗದವನ್ನು ಮುದುರಿ ಎಸೆದು ಬರುತ್ತಿದ್ದರಂತೆ. ನಾಚಿಕೆಯಾಯಿತು. ಸುಮಾಳ ಮುಖಕ್ಕೆ ಹಿಡಿದ ಕಾಗದ ನೆನಪಾಗಿ ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

“ಇದು ನನ್ ಹೆಂಡ್ತಿ ಹೆಸರು ಅಂತ ಅವ್ರು ಒಂದ್ ದಿನಾನೂ ಹೇಳ್ಲಿಲ್ವಾ?”

ಅವನು ಕಾಫಿ ಲೋಟ ನೋಡುತ್ತ, “ಹೇಳಿದ್ ನೆನಪಿಲ್ಲ ಆಂಟಿ,” ಎಂದ. ಆಮೇಲೆ ನನ್ನ ಮುಖ ನೋಡಿ ಅವಸರ ಮಾಡಿದ. “ಆದ್ರೆ ಪ್ರಪಂಚದಲ್ಲಿರೋ ಪದಗಳಲ್ಲಿ ನಿಮ್ ಹೆಸರೇ ಆರಿಸ್ಕೊಂಡಿದಾರಲ್ಲ, ಅದು ಪ್ರೀತಿ ಅಲ್ವಾ?” ಪಾಪ, ಬರೆ ಹಾಕಿದವನೇ ಬೆಣ್ಣೆ ಹಚ್ಚುತ್ತಿದ್ದ.

ಅವನು ಹೋದ ಮೇಲೆ ಪಾತ್ರೆ ತೊಳೆಯುತ್ತ ಅದನ್ನೇ ತಿರುವಿ ಹಾಕಿದೆ. ಆರಿಸಿಕೊಂಡದ್ದು ನನ್ನನ್ನೋ, ನನ್ನ ಒತ್ತಕ್ಷರಗಳನ್ನೋ? ನನ್ನ ಅಪ್ಪ ನನಗೆ ರಮಾ ಎಂದು ಹೆಸರಿಟ್ಟಿದ್ದರೆ ಈ ಮನುಷ್ಯ ಏನು ಬರೆಯುತ್ತಿದ್ದರು? ಹೋಗಲಿ, ಆಗಿನದು ಆಗ. ಈಗಿನದಾದರೂ ಗೊತ್ತಾಗಬೇಕಲ್ಲ. ಕಾಯಿಲೆ ಬಂದ ಮೇಲೆ ನಾನು ಯಾರು ಹೇಳಿ ಎಂದು ನಾನು ಅವರನ್ನು ಕೇಳಿಯೇ ಇರಲಿಲ್ಲ. ಸುಮಾ ಕೇಳುತ್ತಿದ್ದಳು, ಡಾಕ್ಟರು ಕೇಳುತ್ತಿದ್ದರು. ಆಗೆಲ್ಲ ನಾನು ಯಾವುದೋ ನೆವ ಮಾಡಿ ಎದ್ದು ಹೋಗುತ್ತಿದ್ದೆ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಮಾರನೆಯ ಬೆಳಿಗ್ಗೆ ಉಪ್ಪಿಟ್ಟು ತಿನ್ನಿಸಿ, ಬಾಯಿ ಒರೆಸಿ, ಮಧ್ವೇಶ್ ತಂದಿದ್ದ ಪೆನ್ನನ್ನು ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದರು. ಬರೆದರು. ಬರೆದು ಮುಗಿಯುವವರೆಗೂ ಕಾದೆ.

“ರೀ, ಇದು ಯಾರ ಹೆಸರು?”

ಕಾಗದ ನೋಡಿದರು, ನನ್ನನ್ನು ನೋಡಿದರು. ಎಷ್ಟೋ ದಿನದ ಮೇಲೆ ಮಾತು ತಡವರಿಸದೆ ಬಂತು.

“ಹೆಸರಾ? ಹೆಸರಲ್ಲಮ್ಮ ಇದು. ನಿಬ್ಬು ನೋಡಕ್ಕೆ ಬರಿಯೋದು.”

“ಗಂಗಲಕ್ಷ್ಮಮ್ಮ ಅಂದ್ರೆ ನಾನು ಕಣ್ರೀ,” ಎಂದು ಎದೆ ತಟ್ಟಿಕೊಂಡೆ. “ಲಕ್ಷ್ಮೀ. ನಿಮ್ ಹೆಂಡ್ತಿ. ಸರಿಯಾಗಿ ನೋಡ್ರೀ ನನ್ನ.”

ಸರಿಯಾಗಿಯೇ ನೋಡಿದರು. ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೋಡುವ ಹಾಗೆ ನೋಡಿ, ಮರ್ಯಾದೆಯಿಂದ ನಕ್ಕರು. “ಯಾಕೆ ನಿಂತಿದೀರಾ? ಕೂತ್ಕೊಳ್ಳಿ,” ಎಂದರು.

ಮದುವೆಯಾದ ದಿನದಿಂದ ಹೋಗೇ ಬಾರೇ ಎಂದವರು, ಸಿಟ್ಟು ಬಂದರೆ ಲೇ ಎಂದವರು. ಅದಕ್ಕಾಗಿ ಎಷ್ಟು ಜಗಳ ಆಡಿದ್ದೇನೆ. ಗಂಡನ ಬಾಯಲ್ಲಿ ‘ಕೂತ್ಕೊಳ್ಳಿ’ ಎಂಬ ಮರ್ಯಾದೆ ಕೇಳಿ ಇಷ್ಟು ನೋಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ ಹಾಗೆ ಕೂತೆ. ಅಳು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ.

ಅಳುವ ಹೆಂಗಸನ್ನು ಏನು ಮಾಡಬೇಕೋ ಅವರಿಗೆ ತೋಚಲಿಲ್ಲವೆಂದು ಕಾಣುತ್ತದೆ. ಪೆನ್ನನ್ನು ನನ್ನ ಕಡೆ ಚಾಚಿದರು. “ತಗೊಳ್ಳಿ, ನೀವೂ ಬರ್ದು ನೋಡಿ. ಒತ್ಬೇಡಿ, ತಾನಾಗಿ ಹರಿಯುತ್ತೆ.”

ತೆಗೆದುಕೊಂಡೆ. ಇನ್ನೇನು ಬರೆಯಲಿ, ನನ್ನ ಹೆಸರನ್ನೇ ಬರೆದೆ. ಅಕ್ಷರ ಸೊಟ್ಟಗಾಯಿತು, ಕೊನೆಯ ಮ್ಮ ಮೇಲೆ ಕಣ್ಣೀರು ಬಿದ್ದು ಇಂಕು ಹರಡಿತು. ಅವರು ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ಬಗ್ಗಿ ನೋಡಿದರು, ಕ್ಷ್ಮ ಹತ್ತಿರ ಬೆರಳಿಟ್ಟು ತಲೆದೂಗಿದರು.

“ಪರ್ವಾಗಿಲ್ವೇ! ಇದನ್ನ ಬರ್ಯೋದು ನಿಮ್ಗೆ ಯಾರು ಹೇಳ್ಕೊಟ್ರು?” ಎಂದು ಕೇಳಿದರು.